ಮೈಟೊಕಾಂಡ್ರಿಯಾ: ಪುಸ್ತಕದ ಕಾಳು ಸರಿಯೋ, ವಿಡಿಯೊದ ದಾರ ಸರಿಯೋ?

ಪ್ರಶ್ನೆ: ನಾನು ಶಿರಸಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕಿರುಪರೀಕ್ಷೆಯಲ್ಲಿ ಜೀವಕೋಶದ ಚಿತ್ರ ಬಿಡಿಸಲು ಕೊಟ್ಟಿದ್ದೆ. ಒಬ್ಬಳು ಹುಡುಗಿ ಮೈಟೊಕಾಂಡ್ರಿಯಾವನ್ನು ಕಾಳಿನ ಹಾಗೆ ಬಿಡಿಸದೆ, ಉದ್ದುದ್ದ ದಾರಗಳ ಹಾಗೆ, ಅದೂ ಒಂದಕ್ಕೊಂದು ಕೂಡಿಕೊಂಡ ಹಾಗೆ ಬಿಡಿಸಿದ್ದಳು. ಅರ್ಧ ಅಂಕ ಕಳೆದೆ. ಮರುದಿನ ಮೊಬೈಲಿನಲ್ಲಿ ಒಂದು ವಿಡಿಯೊ ತಂದು ತೋರಿಸಿದಳು. ಅದರಲ್ಲಿ ನಿಜವಾಗಿಯೂ ದಾರಗಳೇ ಇದ್ದವು, ಹರಿದಾಡುತ್ತಿದ್ದವು, ತುಂಡಾಗುತ್ತಿದ್ದವು, ಮತ್ತೆ ಕೂಡುತ್ತಿದ್ದವು. ಯಾವುದು ಸರಿ? ಆಕಾರ ಬದಲಾಗುವುದೇ ಹೌದಾದರೆ ಅದನ್ನು ನಿರ್ಧರಿಸುವುದು ಯಾವುದು? ಉಳಿದ ಕಣದಂಗಗಳಿಗೂ, ಅಂದರೆ ಕೋಶದೊಳಗಿನ ಬೇರೆ ಭಾಗಗಳಿಗೂ, ಇದಕ್ಕೂ ಏನಾದರೂ ಸಂಬಂಧ ಇದೆಯಾ, ಅಥವಾ ಎಲ್ಲವೂ ತಮ್ಮ ಪಾಡಿಗೆ ತೇಲಿಕೊಂಡು ಇರುತ್ತವಾ?

ಉತ್ತರ: ಮೇಡಂ, ಮೊದಲು ಆ ಅರ್ಧ ಅಂಕ ವಾಪಸ್ ಕೊಟ್ಟುಬಿಡಿ. ಹುಡುಗಿ ಬಿಡಿಸಿದ್ದು ಸರಿಯಾಗಿಯೇ ಇದೆ. ಹಾಗಂತ ಪುಸ್ತಕದ ಚಿತ್ರವೂ ಸುಳ್ಳಲ್ಲ. ಎರಡೂ ಒಂದೇ ವಸ್ತುವನ್ನು, ಕೋಶಕ್ಕೆ ಶಕ್ತಿ ಮಾಡಿಕೊಡುವ ಆ ಕಣದಂಗವನ್ನು, ಬೇರೆ ಬೇರೆ ರೀತಿಯಲ್ಲಿ ನೋಡಿದ್ದು, ಅಷ್ಟೇ.

ಕಾಳಿನ ಚಿತ್ರ ಬಂದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. 1952ರ ಸುಮಾರಿಗೆ ಜಾರ್ಜ್ ಪಲಾಡೆ ಮೈಟೊಕಾಂಡ್ರಿಯಾದ ಒಳಗಿನ ಮಡಿಕೆಗಳನ್ನು ಮೊದಲ ಸಲ ಸ್ಪಷ್ಟವಾಗಿ ತೋರಿಸಿದರು. ನಾವು ಕ್ರಿಸ್ಟೆ ಎಂದು ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅವೇ. ಮುಂದೆ 1974ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆ ಸೂಕ್ಷ್ಮದರ್ಶಕಕ್ಕೆ ಜೀವಂತ ಕೋಶ ಕೊಡಲು ಆಗುವುದಿಲ್ಲ. ಕೋಶವನ್ನು ರಾಸಾಯನಿಕದಲ್ಲಿ ಗಟ್ಟಿ ಮಾಡಿ, ಅಂಟಿನಂಥ ರಾಳದಲ್ಲಿ ಹುದುಗಿಸಿ, 60-70 ನ್ಯಾನೋಮೀಟರ್ ದಪ್ಪದ ಹಾಳೆಗಳಾಗಿ ಕೊಯ್ಯಬೇಕು. ಮೈಟೊಕಾಂಡ್ರಿಯಾದ ದಪ್ಪ ಸುಮಾರು ಅರ್ಧ ಮೈಕ್ರೋಮೀಟರ್, ಅಂದರೆ 500 ನ್ಯಾನೋಮೀಟರ್. ಉದ್ದ ಎಷ್ಟು ಬೇಕಾದರೂ ಇರಬಹುದು, ಹತ್ತು ಮೈಕ್ರೋಮೀಟರ್ ದಾಟಿದವೂ ಇವೆ. ಆರಿ ಗಟ್ಟಿಯಾದ ಒತ್ತು ಶ್ಯಾವಿಗೆಯ ಮುದ್ದೆಯನ್ನು ಚಾಕುವಿನಿಂದ ತೆಳ್ಳಗೆ ಕೊಯ್ದು ನೋಡಿ. ಕೊಯ್ದ ಮುಖದಲ್ಲಿ ಎಳೆ ಕಾಣುವುದಿಲ್ಲ, ಬರೀ ಚುಕ್ಕೆ ಮತ್ತು ಮೊಟ್ಟೆಯಾಕಾರಗಳು ಕಾಣುತ್ತವೆ. ಪುಸ್ತಕದವರು ಆ ಮೊಟ್ಟೆಯಾಕಾರ ನೋಡಿ ಇಡೀ ವಸ್ತುವೇ ಹಾಗಿದೆ ಎಂದು ಬಿಡಿಸಿದರು. ಅದು ಎಷ್ಟು ಚೆನ್ನಾಗಿ ಕೂತುಬಿಟ್ಟಿತೆಂದರೆ, ಅದಕ್ಕೂ ಮುಂಚೆ ಗೊತ್ತಿದ್ದ ವಿಷಯ ಮರೆತೇ ಹೋಯಿತು.

ಯಾಕೆಂದರೆ ದಾರದ ಸುದ್ದಿ ಹೊಸದಲ್ಲ. 1914-15ರಲ್ಲೇ ಅಮೆರಿಕದ ಮಾರ್ಗರೆಟ್ ಲೂಯಿಸ್ ಮತ್ತು ಅವರ ಗಂಡ ವಾರೆನ್ ಲೂಯಿಸ್ ಕೋಳಿಯ ಭ್ರೂಣದ ಕೋಶಗಳನ್ನು ಗಾಜಿನ ಮೇಲೆ ಜೀವಂತ ಬೆಳೆಸಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ನೋಡಿದ್ದರು. ಮೈಟೊಕಾಂಡ್ರಿಯಾ ಬಾಗುತ್ತದೆ, ಕವಲೊಡೆಯುತ್ತದೆ, ಎರಡಾಗುತ್ತದೆ, ಎರಡು ಸೇರಿ ಒಂದಾಗುತ್ತದೆ ಎಂದು ಬರೆದಿಟ್ಟರು. ನಿಮ್ಮ ವಿದ್ಯಾರ್ಥಿನಿ ಮೊಬೈಲಿನಲ್ಲಿ ತೋರಿಸಿದ್ದು ಇದನ್ನೇ, ಬಣ್ಣ ಮಾತ್ರ ಹೊಸದು.

ಬಣ್ಣದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಮಕ್ಕಳು ಕೇಳೇ ಕೇಳುತ್ತಾರೆ. ಆ ವಿಡಿಯೊಗಳಲ್ಲಿ ಹೊಳೆಯುವ ಹಸಿರು ಕೆಂಪು ಮೈಟೊಕಾಂಡ್ರಿಯಾದ ಸ್ವಂತ ಬಣ್ಣ ಅಲ್ಲ. ಹೊಳೆಯುವ ಪ್ರೋಟೀನು ಅಥವಾ ಬಣ್ಣ ಸೇರಿಸಿ ತೆಗೆದದ್ದು. ಇನ್ನೊಂದು, ಅವು ಬಹುಪಾಲು ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿಕೊಂಡ ಕೋಶಗಳು. ಅಲ್ಲಿ ದಾರಗಳು ಚೆನ್ನಾಗಿ ಕಾಣುತ್ತವೆ. ಯಕೃತ್ತಿನಂಥ ದಟ್ಟ ಅಂಗಾಂಶಕ್ಕೆ ಹೋದರೆ ಗಿಡ್ಡ ಗಿಡ್ಡ ಮೈಟೊಕಾಂಡ್ರಿಯಾಗಳೂ ಬೇಕಾದಷ್ಟು ಸಿಗುತ್ತವೆ. ಹಾಗಾಗಿ ನಾಳೆಯಿಂದ ಕಾಳು ಬಿಡಿಸಿದವರ ಅಂಕ ಕಳೆಯಬೇಡಿ ಮತ್ತೆ!

ಈಗ ನಿಮ್ಮ ಎರಡನೇ ಪ್ರಶ್ನೆ. ಆಕಾರ ನಿರ್ಧರಿಸುವುದು ಯಾವುದು?

ಇಲ್ಲಿ ಒಂದು ವಿಷಯ ತಲೆಗೆ ಬಂದರೆ ಉಳಿದದ್ದು ಸಲೀಸು. ಮೈಟೊಕಾಂಡ್ರಿಯಾಗೆ ನಿಂತ ಆಕಾರ ಎಂಬುದೇ ಇಲ್ಲ. ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಕಡೆ ಕೂಡುವುದು, ಇನ್ನೊಂದು ಕಡೆ ಒಡೆಯುವುದು. ಕೂಡುವುದು ಜಾಸ್ತಿಯಾದರೆ ಉದ್ದದ ಜಾಲ ಕಾಣುತ್ತದೆ. ಒಡೆಯುವುದು ಜಾಸ್ತಿಯಾದರೆ ಚೂರುಗಳು ಕಾಣುತ್ತವೆ. ನಾವು ನೋಡಿದ ಗಳಿಗೆಯಲ್ಲಿ ಈ ಎರಡರ ನಡುವೆ ಎಲ್ಲಿ ನಿಂತಿದೆಯೋ ಅದೇ ಆ ಹೊತ್ತಿನ ಆಕಾರ. ಇನ್ನು ಕೆಲವು ನಿಮಿಷಕ್ಕೆ ಬೇರೆ.

ಕೂಡಿಸುವ ಪ್ರೋಟೀನಿನ ಸುಳಿವು ಮೊದಲು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ, 1997ರಲ್ಲಿ. ಗಂಡು ನೊಣದ ವೀರ್ಯಾಣು ತಯಾರಾಗುವಾಗ ಅದರ ಮೈಟೊಕಾಂಡ್ರಿಯಾಗಳೆಲ್ಲ ಕೂಡಿಕೊಂಡು ಎರಡೇ ಎರಡು ದೊಡ್ಡವಾಗುತ್ತವೆ. ಅವು ಒಂದನ್ನೊಂದು ಸುತ್ತಿಕೊಂಡು, ಅಡ್ಡ ಕೊಯ್ದರೆ ಈರುಳ್ಳಿಯ ಪದರಗಳಂತೆ ಕಾಣುತ್ತವೆ. ಒಂದು ಜೀನು ಕೆಟ್ಟ ನೊಣಗಳಲ್ಲಿ ಈ ಕೂಡುವಿಕೆ ಆಗಲಿಲ್ಲ, ಪದರ ಮಸುಕಾಗಿ ಕಂಡಿತು, ಗಂಡು ನೊಣಕ್ಕೆ ಮರಿಯಾಗಲಿಲ್ಲ. ಆ ಜೀನಿಗೆ ಫಝಿ ಆನಿಯನ್ಸ್, ಅಂದರೆ ಮಸುಕು ಈರುಳ್ಳಿ, ಎಂದೇ ಹೆಸರಿಟ್ಟರು. ನೊಣದ ಜನ ಹೆಸರಿಡುವುದರಲ್ಲಿ ಯಾವಾಗಲೂ ಒಂದು ಕೈ ಮೇಲೆ. ನಮ್ಮಲ್ಲಿ ಅದರ ಜೋಡಿ ಪ್ರೋಟೀನುಗಳೇ ಮೈಟೊಫ್ಯೂಸಿನ್-1 ಮತ್ತು 2. ಮೈಟೊಕಾಂಡ್ರಿಯಾಗೆ ಎರಡು ಪೊರೆ ಇದೆಯಲ್ಲ, ಹೊರಪೊರೆಗಳನ್ನು ಕೂಡಿಸುವುದು ಇವು. ಒಳಪೊರೆ ಕೂಡಿಸಲು ಒಪಿಎ-1 ಎಂಬ ಇನ್ನೊಂದು ಬೇಕು. ಎರಡೂ ಹಂತ ಮುಗಿದ ಮೇಲೆ ಒಳಗಿನ ದ್ರವ ಒಂದಾಗುತ್ತದೆ.

ಒಡೆಯುವುದಕ್ಕೆ ಡಿಆರ್‌ಪಿ-1. ಈ ಪ್ರೋಟೀನು ಸಾಮಾನ್ಯವಾಗಿ ಕೋಶದ ದ್ರವದಲ್ಲೇ ಓಡಾಡಿಕೊಂಡಿರುತ್ತದೆ. ಬೇಕಾದಾಗ ಮೈಟೊಕಾಂಡ್ರಿಯಾದ ಮೈಮೇಲೆ ಬಂದು, ಒಂದಕ್ಕೊಂದು ಸೇರಿ ಸುತ್ತಲೂ ಬಳೆಯಾಗಿ ಕಟ್ಟಿಕೊಂಡು, ಜಿಟಿಪಿ ಎಂಬ ಇಂಧನದ ಅಣು ಖರ್ಚು ಮಾಡಿ ಬಿಗಿಯುತ್ತದೆ.

ಇವುಗಳ ಬೆಲೆ ಗೊತ್ತಾಗುವುದು ಕೆಟ್ಟಾಗಲೇ. ಎರಡು ಮೈಟೊಫ್ಯೂಸಿನ್‌ಗಳಲ್ಲಿ ಒಂದನ್ನು ಪೂರ್ತಿ ತೆಗೆದ ಇಲಿಮರಿ ಗರ್ಭದಲ್ಲೇ ಸಾಯುತ್ತದೆ. ಡಿಆರ್‌ಪಿ-1 ತೆಗೆದರೂ ಅದೇ ಗತಿ. ಮನುಷ್ಯರಲ್ಲಿ ಒಪಿಎ-1 ಕೆಟ್ಟರೆ ಕಣ್ಣಿನ ನರ ಸೊರಗಿ ದೃಷ್ಟಿ ಮಂಕಾಗುವ ಆನುವಂಶಿಕ ಕಾಯಿಲೆ ಬರುತ್ತದೆ ಎಂದು 2000ದಲ್ಲಿ ಗೊತ್ತಾಯಿತು. ಮೈಟೊಫ್ಯೂಸಿನ್-2 ಕೆಟ್ಟರೆ ಕಾಲು ಕೈಗಳ ನರ ಸೋಲುವ ಶಾರ್ಕೊ-ಮಾರಿ-ಟೂತ್ ಕಾಯಿಲೆಯ ಒಂದು ಬಗೆ ಬರುತ್ತದೆ, ಇದು 2004ರ ಶೋಧ. ಎರಡರಲ್ಲೂ ಪೆಟ್ಟು ಬೀಳುವುದು ನರಕ್ಕೆ, ಗಮನಿಸಿ. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಹೋಗುವ ಒಂದು ನರಕೋಶದ ಉದ್ದ ಹತ್ತಿರ ಹತ್ತಿರ ಒಂದು ಮೀಟರ್. ಅಷ್ಟು ದೂರ ಮೈಟೊಕಾಂಡ್ರಿಯಾವನ್ನು ಸಾಗಿಸಬೇಕು. ಕೈನೆಸಿನ್ ಎಂಬ ಪ್ರೋಟೀನು ಹೊರಗಡೆಗೆ ಒಯ್ಯುತ್ತದೆ, ಡೈನೀನ್ ಒಳಗಡೆಗೆ ತರುತ್ತದೆ. ಎರಡೂ ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಯ ಮೇಲೆಯೇ ನಡೆಯುವುದು. ಕೆಲಸ ಜೋರಾಗಿರುವ ಜಾಗದಲ್ಲಿ ಕ್ಯಾಲ್ಸಿಯಂ ಏರಿದರೆ ಮೈಟೊಕಾಂಡ್ರಿಯಾ ಅಲ್ಲೇ ನಿಲ್ಲುತ್ತದೆ. ಕೂಡಲಾಗದ, ಸಾಗಿಸಲಾಗದ ಮೈಟೊಕಾಂಡ್ರಿಯಾ ಇದ್ದರೆ ಮೊದಲು ಸೋಲುವುದು ನರದ ಈ ದೂರದ ತುದಿಯೇ.

ಇಷ್ಟೆಲ್ಲ ಕೂಡಿ ಒಡೆಯುವ ಉಸಾಬರಿ ಯಾಕೆ? ಮುಖ್ಯ ಕಾರಣ ಹಂಚಿಕೊಳ್ಳುವುದು. ಮೈಟೊಕಾಂಡ್ರಿಯಾಗೆ ತನ್ನದೇ ಡಿಎನ್‌ಎ ಇದೆ. ಮನುಷ್ಯರಲ್ಲಿ 16,569 ಅಕ್ಷರ ಜೋಡಿ, 37 ಜೀನು, ಅದರಲ್ಲಿ ಪ್ರೋಟೀನು ಮಾಡುವವು 13 ಮಾತ್ರ. ಉಳಿದ ಸಾವಿರಕ್ಕೂ ಜಾಸ್ತಿ ಪ್ರೋಟೀನುಗಳ ಜೀನು ಕೋಶಕೇಂದ್ರದಲ್ಲಿದೆ. ಒಂದು ಮೈಟೊಕಾಂಡ್ರಿಯಾದ ಡಿಎನ್‌ಎ ಸ್ವಲ್ಪ ಹಾಳಾಗಿದ್ದರೆ ಪಕ್ಕದ್ದರ ಜೊತೆ ಕೂಡಿ ಸರಿದೂಗಿಸಿಕೊಳ್ಳುತ್ತದೆ. ಪೂರ್ತಿ ಕೆಟ್ಟ ಭಾಗವನ್ನು ಒಡೆದು ಬೇರೆ ಮಾಡಿ ಎಸೆಯುತ್ತದೆ. ಎಸೆಯುವುದಕ್ಕೆ ಗುರುತು ಹಾಕುವ ಪ್ರೋಟೀನು ಜೋಡಿ ಪಿಂಕ್-1 ಮತ್ತು ಪಾರ್ಕಿನ್. ಒಳಪೊರೆಯ ವಿದ್ಯುತ್ ಒತ್ತಡ ಬಿದ್ದುಹೋದ ಮೈಟೊಕಾಂಡ್ರಿಯಾದ ಮೇಲೆ ಪಿಂಕ್-1 ರಾಶಿಯಾಗುತ್ತದೆ, ಅದು ಪಾರ್ಕಿನ್ ಅನ್ನು ಕರೆಯುತ್ತದೆ, ಆಮೇಲೆ ಕೋಶದ ಕಸ ಜೀರ್ಣಿಸುವ ಲೈಸೊಸೋಮಿನ ಪಾಲು. ಪಾರ್ಕಿನ್ ಹೀಗೆ ಹೋಗಿ ಕೂರುವುದನ್ನು 2008ರಲ್ಲಿ ತೋರಿಸಿದರು. ಎರಡೂ ಜೀನುಗಳು ಚಿಕ್ಕ ವಯಸ್ಸಿಗೇ ಬರುವ ಪಾರ್ಕಿನ್ಸನ್ ಕಾಯಿಲೆಗೆ ತಳಕು ಹಾಕಿಕೊಂಡಿವೆ.

ಹಸಿವಿನ ವಿಷಯ ಇನ್ನೂ ಚೆಂದ. ಕೋಶಕ್ಕೆ ಆಹಾರ ಕಡಿಮೆಯಾದರೆ ಅದು ತನ್ನದೇ ಒಳಗಿನ ಸಾಮಾನನ್ನು ತಿನ್ನಲು ಶುರು ಮಾಡುತ್ತದೆ. ಆ ಹೊತ್ತಿಗೆ ಮೈಟೊಕಾಂಡ್ರಿಯಾಗಳು ಉದ್ದವಾಗುತ್ತವೆ ಎಂದು 2011ರಲ್ಲಿ ಎರಡು ಗುಂಪು ಬೇರೆ ಬೇರೆಯಾಗಿ ಕಂಡುಕೊಂಡವು. ಡಿಆರ್‌ಪಿ-1 ಮೇಲೆ ಒಂದು ಫಾಸ್ಫೇಟ್ ಅಂಟಿಸಿ ಅದನ್ನು ಕೋಶ ಸುಮ್ನೆ ಕೂರಿಸುತ್ತದೆ, ಒಡೆಯುವುದು ನಿಲ್ಲುತ್ತದೆ, ಕೂಡುವುದು ಮುಂದುವರಿಯುತ್ತದೆ. ಉದ್ದವಾದವನ್ನು ನುಂಗುವುದು ಕಷ್ಟ. ಹಾಗಾಗಿ ಬರಗಾಲದಲ್ಲೂ ಶಕ್ತಿ ಮಾಡುವ ವ್ಯವಸ್ಥೆ ಉಳಿದುಕೊಳ್ಳುತ್ತದೆ.

ಇದನ್ನು ಓದಿ ಯಾರಾದರೂ ಉದ್ದ ಒಳ್ಳೆಯದು, ಚೂರು ಕೆಟ್ಟದ್ದು ಎಂದು ತಿಳಿದರೆ ಅದು ತಪ್ಪು. ಕೋಶ ಎರಡಾಗುವಾಗ ಮೈಟೊಕಾಂಡ್ರಿಯಾ ಚೂರಾಗಲೇಬೇಕು, ಇಲ್ಲವಾದರೆ ಎರಡು ಮರಿಕೋಶಗಳಿಗೆ ಹಂಚುವುದು ಹೇಗೆ? 'ಮೈಟೊಕಾಂಡ್ರಿಯಾ ಬೂಸ್ಟರ್' ಎಂದು ಮಾತ್ರೆ ಮಾರುವ ಜಾಹೀರಾತುಗಳು ಈಗ ಎಲ್ಲರ ಮೊಬೈಲಿಗೂ ಬರುತ್ತಿವೆ, ಸ್ಟಾಫ್ ರೂಮಿನಲ್ಲಿ ನಿಮ್ಮನ್ನೂ ಕೇಳಿರಬಹುದು. ನನ್ನ ಮಾತು ಕೇಳುವುದಾದರೆ ಆ ದುಡ್ಡು ಉಳಿಸಿ. ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾ ಹೆಚ್ಚಿಸುವ ಖಾತರಿ ದಾರಿ ಓಟ-ನಡಿಗೆ. ಇಲಿಗಳನ್ನು ಓಡಿಸಿ 1967ರಲ್ಲೇ ಜಾನ್ ಹಾಲಝಿ ಇದನ್ನು ತೋರಿಸಿದ್ದಾರೆ.

ಇನ್ನು ಮೂರನೇ ಪ್ರಶ್ನೆ. ನಿಜ ಹೇಳಬೇಕೆಂದರೆ ನನಗೆ ಬರೆಯಬೇಕು ಅನಿಸಿದ್ದೇ ಇದಕ್ಕೆ. ಎಲ್ಲ ಕಣದಂಗಗಳು ತಮ್ಮ ಪಾಡಿಗೆ ತೇಲುತ್ತಿವೆ ಎಂಬ ಭಾವನೆ ನಮ್ಮ ಪಾಠದ ಚಿತ್ರದಿಂದಲೇ ಬಂದದ್ದು. ಒಂದು ಮೂಲೆಯಲ್ಲಿ ಸಾಮಾನು ಕಟ್ಟಿ ಕಳಿಸುವ ಗಾಲ್ಜಿ, ಇನ್ನೊಂದು ಮೂಲೆಯಲ್ಲಿ ಲೈಸೊಸೋಮು, ನಡುವೆ ಬೇಕಾದಷ್ಟು ಖಾಲಿ ಜಾಗ. ನಿಜವಾದ ಕೋಶದಲ್ಲಿ ಆ ಖಾಲಿ ಜಾಗ ಇಲ್ಲ.

ಡಿಆರ್‌ಪಿ-1 ಬಳೆ ಕಟ್ಟಿ ಬಿಗಿಯುತ್ತದೆ ಎಂದೆನಲ್ಲ. ಅದರಲ್ಲಿ ಒಂದು ಲೆಕ್ಕ ಕೂಡುತ್ತಿರಲಿಲ್ಲ. ಮೈಟೊಕಾಂಡ್ರಿಯಾದ ಅಡ್ಡಳತೆ ಸುಮಾರು 500 ನ್ಯಾನೋಮೀಟರ್. ಯೀಸ್ಟಿನಲ್ಲಿರುವ ಇದೇ ಬಗೆಯ ಪ್ರೋಟೀನು ಕಟ್ಟುವ ಬಳೆಯ ಅಗಲ ನೂರರ ಆಸುಪಾಸು. ಇಷ್ಟು ಸಣ್ಣ ಬಳೆ ಅಷ್ಟು ದಪ್ಪದ್ದರ ಮೇಲೆ ಹೇಗೆ ಕೂರುತ್ತದೆ? ಯಾರೋ ಮೊದಲೇ ಹಿಸುಕಿ ಸಣ್ಣ ಮಾಡಿರಬೇಕು, ಅಲ್ವಾ? 2011ರಲ್ಲಿ ಅಮೆರಿಕದ ಜೀಯಾ ವೋಲ್ಟ್ಸ್ ಅವರ ಗುಂಪು ಆ 'ಯಾರೋ' ಯಾರೆಂದು ತೋರಿಸಿತು. ಕೋಶದ ತುಂಬ ಹರಡಿರುವ ಪೊರೆಗಳ ಜಾಲವಾದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ನಮ್ಮ ಇಆರ್. ಇಆರ್‌ನ ಸಣ್ಣ ಕೊಳವೆಗಳು ಮೈಟೊಕಾಂಡ್ರಿಯಾವನ್ನು ಸುತ್ತು ಹಾಕುತ್ತವೆ, ಸುತ್ತಿದ ಕಡೆ ಅದು ಸಣ್ಣಗಾಗುತ್ತದೆ, ಡಿಆರ್‌ಪಿ-1 ಬಂದು ಕೂರುವುದು ಆ ಜಾಗಕ್ಕೆ. ಡಿಆರ್‌ಪಿ-1 ಬರುವ ಮೊದಲೇ ಇಆರ್ ಅಲ್ಲಿರುತ್ತದೆ. ಅಂದರೆ ಮೈಟೊಕಾಂಡ್ರಿಯಾ ಎಲ್ಲಿ ಒಡೆಯಬೇಕು ಎಂಬ ಗುರುತು ಹಾಕುವುದು ಮೈಟೊಕಾಂಡ್ರಿಯಾ ಒಂದೇ ಅಲ್ಲ, ಪಕ್ಕದ ಇನ್ನೊಂದು ಕಣದಂಗ. ಎರಡು ವರ್ಷ ಬಿಟ್ಟು ಇನ್ನೊಂದು ಗುಂಪು ಆ ಹಿಸುಕುವಿಕೆಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಕೈಯಿದೆ ಎಂದು ತೋರಿಸಿತು. ಇಆರ್ ಮೇಲೆ ಕೂತಿರುವ ಒಂದು ಪ್ರೋಟೀನು ಆ ಎಳೆಗಳನ್ನು ಅಲ್ಲೇ ಬೆಳೆಸುತ್ತದೆ.

ಆಮೇಲೆ ಈ ಕಥೆಗೆ ಜನ ಹೆಚ್ಚುತ್ತಲೇ ಹೋದರು. 2018ರಲ್ಲಿ ಲೈಸೊಸೋಮು ಬಂದು ತಾಗಿದ ಜಾಗದಲ್ಲೂ ಒಡೆಯುತ್ತದೆ ಎಂದಾಯಿತು. 2020ರಲ್ಲಿ ಗಾಲ್ಜಿಯಿಂದ ಹೊರಟ ಸಣ್ಣ ಚೀಲಗಳು ಕೊನೆಯ ಹಂತದಲ್ಲಿ ಒಡೆಯುವ ಜಾಗಕ್ಕೆ ಬಂದು ಸೇರುತ್ತವೆ ಎಂದು ಸಿಕ್ಕಿತು. 2021ರಲ್ಲಿ ಇನ್ನೂ ಸ್ಪಷ್ಟವಾಯಿತು: ಒಡೆಯುವುದರಲ್ಲೇ ಎರಡು ಬಗೆ. ನಡುಮಧ್ಯ ಒಡೆದರೆ ಅದು ಹೆಚ್ಚಾಗಿ ಬೆಳೆಯುವುದಕ್ಕೆ, ಎರಡೂ ತುಂಡು ಆರೋಗ್ಯವಾಗಿರುತ್ತವೆ, ಅಲ್ಲಿ ಇಆರ್ ಮತ್ತು ಆಕ್ಟಿನ್ ಇರುತ್ತವೆ. ತುದಿಯಲ್ಲಿ ಒಡೆದರೆ ಅದು ಕೆಟ್ಟ ತುಂಡನ್ನು ಕತ್ತರಿಸಿ ಹಾಕುವುದಕ್ಕೆ, ಅಲ್ಲಿ ಲೈಸೊಸೋಮು ಕಾಣುತ್ತದೆ. ನೋಡಲು ಎರಡೂ ಒಂದೇ, ಉದ್ದೇಶ ಪೂರ್ತಿ ಬೇರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ಇಆರ್ ಮತ್ತು ಮೈಟೊಕಾಂಡ್ರಿಯಾ ತಾಗುವ ಜಾಗದಲ್ಲಿ ಎರಡೂ ಪೊರೆಗಳು ಕೂಡಿಕೊಳ್ಳುವುದಿಲ್ಲ. ನಡುವೆ ಸುಮಾರು 10ರಿಂದ 30 ನ್ಯಾನೋಮೀಟರ್ ಸಂದಿ ಇರುತ್ತದೆ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ 200 ನ್ಯಾನೋಮೀಟರಿಗಿಂತ ಸಣ್ಣ ಅಂತರ ಬಿಡಿಸಿ ಕಾಣುವುದಿಲ್ಲ, ಹಾಗಾಗಿ ಆ ಸಂದಿ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. 1950ರ ದಶಕದ ಚಿತ್ರಗಳಲ್ಲೇ ಎರಡೂ ಒತ್ತಿಕೊಂಡಿರುವುದು ಕಂಡಿತ್ತು. ಆದರೆ ಬಹಳ ಜನ ಅದನ್ನು ಕಾಕತಾಳೀಯ ಎಂದೇ ಬಿಟ್ಟರು. ಕೋಶ ಅರೆದು ಮೈಟೊಕಾಂಡ್ರಿಯಾ ಬೇರೆ ಮಾಡಿದಾಗ ಅದಕ್ಕೆ ಅಂಟಿಕೊಂಡು ಬರುವ ಇಆರ್ ಚೂರುಗಳು ಕಲಬೆರಕೆ ಅಂತಲೇ ಲೆಕ್ಕ. 1990ರಲ್ಲಿ ಕೆನಡಾದ ಜೀನ್ ವಾನ್ಸ್ ಆ ಅಂಟಿಕೊಂಡ ಚೂರನ್ನೇ ಹಿಡಿದು ಪರೀಕ್ಷೆ ಮಾಡಿದರು. ಅದರಲ್ಲಿ ಪೊರೆಯ ಕೊಬ್ಬು ತಯಾರಿಸುವ ಕಿಣ್ವಗಳು ತುಂಬಿದ್ದವು.

ಆ ಕೊಬ್ಬಿನ ಓಡಾಟ ಹೀಗೆ. ಫಾಸ್ಫಟಿಡೈಲ್ ಸೆರೀನ್ ಎಂಬ ಕೊಬ್ಬು ಇಆರ್‌ನಲ್ಲಿ ತಯಾರಾಗುತ್ತದೆ. ಅಲ್ಲಿಂದ ಸಂದಿ ದಾಟಿ ಮೈಟೊಕಾಂಡ್ರಿಯಾಗೆ ಹೋಗುತ್ತದೆ. ಅಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಫಾಸ್ಫಟಿಡೈಲ್ ಎಥನಾಲಮೀನ್ ಆಗುತ್ತದೆ. ಅದರಲ್ಲಿ ಒಂದಿಷ್ಟು ಮತ್ತೆ ಇಆರ್‌ಗೆ ಬಂದು ಫಾಸ್ಫಟಿಡೈಲ್ ಕೋಲೀನ್ ಆಗುತ್ತದೆ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ಒಂಟಿಯಾಗಿ ಈಜಿಕೊಂಡು ಹೋಗಲಾರದು. ಮೈಟೊಕಾಂಡ್ರಿಯಾ ಗಾಲ್ಜಿಯಿಂದ ಹೊರಡುವ ಚೀಲಗಳ ಸಾಗಾಟದ ದಾರಿಯಲ್ಲೂ ಇಲ್ಲ. ಹಾಗಾಗಿ ಮಗ್ಗುಲಿಗೆ ಮಗ್ಗುಲು ನಿಂತು ದಾಟಿಸುವುದೇ ಮುಖ್ಯ ಉಪಾಯ.

ಈ ಎರಡನ್ನು ಹತ್ತಿರ ಹಿಡಿದಿಡುವುದು ಏನು ಎಂದು ಪೀಟರ್ ವಾಲ್ಟರ್ ಅವರ ಪ್ರಯೋಗಾಲಯದವರು 2009ರಲ್ಲಿ ಯೀಸ್ಟಿನಲ್ಲಿ ಹುಡುಕಿದ ರೀತಿ ಮಕ್ಕಳಿಗೆ ಹೇಳಲೇಬೇಕಾದದ್ದು. ಅವರು ಮೊದಲು ಎರಡೂ ಪೊರೆಗೆ ಕಚ್ಚಿಕೊಳ್ಳುವ ಒಂದು ಕೃತಕ ಪ್ರೋಟೀನು ಮಾಡಿದರು. ಆಮೇಲೆ, ಈ ಕೃತಕ ಕೊಂಡಿ ಇದ್ದರೆ ಮಾತ್ರ ಬದುಕುವ, ಇಲ್ಲದಿದ್ದರೆ ಸೊರಗುವ ಯೀಸ್ಟುಗಳನ್ನು ಹುಡುಕಿದರು. ಅಂಥ ಯೀಸ್ಟಿನಲ್ಲಿ ಕೆಟ್ಟಿರುವ ಜೀನು ಯಾವುದೋ ಅದೇ ಸಹಜ ಕೊಂಡಿಯ ಭಾಗ ಇರಬೇಕು. ಹಾಗೆ ನಾಲ್ಕು ಪ್ರೋಟೀನುಗಳ ಒಂದು ಕೂಟ ಸಿಕ್ಕಿತು. ಎಷ್ಟು ಸರಳ ಯೋಚನೆ ನೋಡಿ! ನಮ್ಮಲ್ಲಿ ಆ ನಾಲ್ವರ ಕೂಟ ಇಲ್ಲ. ಅದೇ ಕೆಲಸಕ್ಕೆ ಬೇರೆ ಪ್ರೋಟೀನುಗಳಿವೆ.

ಕೊಬ್ಬಿನ ಜೊತೆಗೆ ಅಲ್ಲಿ ನಡೆಯುವ ಇನ್ನೊಂದು ವಹಿವಾಟು ಕ್ಯಾಲ್ಸಿಯಂ. ಇಆರ್ ಕ್ಯಾಲ್ಸಿಯಂ ಕೂಡಿಡುವ ಜಾಗ. ಅದು ಬಿಟ್ಟ ಕ್ಯಾಲ್ಸಿಯಂ ಇಡೀ ಕೋಶದಲ್ಲಿ ಹರಡಿದರೆ ತೀರಾ ತೆಳುವಾಗಿಬಿಡುತ್ತದೆ. ಮೈಟೊಕಾಂಡ್ರಿಯಾದ ಬಾಗಿಲು ತೆರೆಯಲು ಅಷ್ಟು ತೆಳು ಸಾಲದು. ಆದರೆ ಆ ಸಣ್ಣ ಸಂದಿಯಲ್ಲಿ ಬಿಟ್ಟರೆ ಅಲ್ಲಿ ಮಾತ್ರ ಸಾಂದ್ರತೆ ಜೋರಾಗುತ್ತದೆ, ಮೈಟೊಕಾಂಡ್ರಿಯಾ ಎಳೆದುಕೊಳ್ಳುತ್ತದೆ. ಆ ಬಾಗಿಲಿನ ಪ್ರೋಟೀನು ಯಾವುದೆಂದು 2011ರಲ್ಲಿ ಸಿಕ್ಕಿತು. ಹದವಾಗಿ ಬಂದ ಕ್ಯಾಲ್ಸಿಯಂ ಶಕ್ತಿ ತಯಾರಿಕೆಯ ವೇಗ ಹೆಚ್ಚಿಸುತ್ತದೆ, ಮಿತಿಮೀರಿದರೆ ಕೋಶವನ್ನೇ ಸಾವಿನ ಕಡೆ ತಳ್ಳುತ್ತದೆ.

ಇದಕ್ಕೆ ಸಮುದ್ರದಲ್ಲಿ ಒಂದು ವಿಚಿತ್ರ ಉದಾಹರಣೆ ಇದೆ. ನಾನು ಕಾರವಾರದಲ್ಲಿರುವವನು, ಮೀನಿನ ಮಾತು ಬಾರದೆ ಇರುವುದಿಲ್ಲ. ನೀವು ಮೀನು ತಿನ್ನುವವರೋ ಅಲ್ಲವೋ, ಘಟ್ಟದ ಮೇಲಿನವರ ವಿಷಯ ಹೇಳಲಾಗದು, ಸುಮ್ನೆ ಓದಿಕೊಳ್ಳಿ. ಅರಬ್ಬಿ ಸಮುದ್ರದಲ್ಲಿ ಸೈಲ್‌ಫಿಶ್, ಮಾರ್ಲಿನ್ ಎಂಬ ಉದ್ದ ಮೂತಿಯ ದೊಡ್ಡ ಮೀನುಗಳಿವೆ. ಅವುಗಳ ಕಣ್ಣಿನ ಹತ್ತಿರದ ಒಂದು ಸ್ನಾಯು ಬದಲಾಗಿ ಬಿಸಿ ಮಾಡುವ ಅಂಗವಾಗಿದೆ. ಆ ಕೋಶಗಳಲ್ಲಿ ಹಿಗ್ಗಿ ಕುಗ್ಗುವ ಎಳೆಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ಮೈಟೊಕಾಂಡ್ರಿಯಾ, ಅದರ ಪಕ್ಕದಲ್ಲೇ ಇಆರ್ ಜಾತಿಯ ಪೊರೆಗಳ ಅಟ್ಟಿ. ಪೊರೆಯಿಂದ ಕ್ಯಾಲ್ಸಿಯಂ ಹೊರಗೆ ಬರುತ್ತದೆ, ಮೈಟೊಕಾಂಡ್ರಿಯಾ ಕೊಟ್ಟ ಎಟಿಪಿ ಎಂಬ ಶಕ್ತಿಯ ಅಣು ಖರ್ಚು ಮಾಡಿ ಮತ್ತೆ ಒಳಗೆ ಪಂಪ್ ಆಗುತ್ತದೆ, ಮತ್ತೆ ಹೊರಗೆ. ಉಳಿಯುವುದು ಬಿಸಿ ಒಂದೇ. ಮೇಲಿನ ಬೆಚ್ಚಗಿನ ನೀರಿನಿಂದ ತಣ್ಣಗಿನ ಆಳಕ್ಕೆ ಇಳಿದು ಬೇಟೆಯಾಡುವಾಗ ಮೀನಿನ ಕಣ್ಣು, ಮಿದುಳು ಚುರುಕಾಗಿರುತ್ತವೆ.

ಅಷ್ಟು ದೂರ ಹೋಗುವುದೂ ಬೇಡ. ಬೈತಖೋಲದ ಬಂದರಿಗೆ ಬಂದ ಬಂಗಡೆಯನ್ನು ಸೀಳಿ ನೋಡಿ. ಚರ್ಮದ ಕೆಳಗೆ ಪಕ್ಕೆಯುದ್ದಕ್ಕೂ ಕಡುಕೆಂಪು ಪಟ್ಟಿ ಇರುತ್ತದೆ. ಆ ಕೆಂಪು, ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್‌ದು, ಆದರೆ ಆ ಪಟ್ಟಿಯ ಕೋಶಗಳಲ್ಲಿ ಮೈಟೊಕಾಂಡ್ರಿಯಾ ಕಿಕ್ಕಿರಿದಿರುತ್ತವೆ. ಬಂಗಡೆ ನಿಲ್ಲದೆ ಈಜುವ ಮೀನು, ದಿನವಿಡೀ ದುಡಿಯುವ ಸ್ನಾಯು ಅದು. ಉಳಿದ ಬಿಳಿ ಮಾಂಸ ತಟ್ಟನೆ ನುಗ್ಗಲು ಮಾತ್ರ, ಅಲ್ಲಿ ಮೈಟೊಕಾಂಡ್ರಿಯಾ ಕಡಿಮೆ. ಪಾಂಪ್ಲೆಟ್ ಕೊಯ್ದರೆ ಬಿಳಿಯೇ ಜಾಸ್ತಿ. ನಮ್ಮ ಹೃದಯದ ಕೋಶದಲ್ಲೂ ಮೂರನೇ ಒಂದು ಪಾಲು ಜಾಗ ಮೈಟೊಕಾಂಡ್ರಿಯಾಗೇ ಹೋಗುತ್ತದೆ, ಸ್ನಾಯು ಎಳೆಗಳ ನಡುವೆ ಸಾಲಾಗಿ ಒತ್ತಿಕೊಂಡಿರುತ್ತವೆ. ವೀರ್ಯಾಣುವಿನ ಕುತ್ತಿಗೆಯ ಹಿಂದೆ ಸುರುಳಿ ಸುತ್ತಿಕೊಂಡಿರುತ್ತವೆ. ನಮ್ಮ ಕೆಂಪು ರಕ್ತಕಣದಲ್ಲಿ ಒಂದೂ ಇಲ್ಲ.

ನಿಮ್ಮ ಕಡೆಯ ಉದಾಹರಣೆ ಬೇಕಾದರೆ ಅಡಿಕೆ ಮರದ ಹೆಡೆ ಸಾಕು. ಎಲೆಯ ಕೋಶದಲ್ಲಿ ಬೆಳಕಿನಿಂದ ಆಹಾರ ಮಾಡುವ ಕ್ಲೋರೊಪ್ಲಾಸ್ಟು, ಪೆರಾಕ್ಸಿಸೋಮು ಎಂಬ ಕಿಣ್ವದ ಚೀಲ, ಮೈಟೊಕಾಂಡ್ರಿಯಾ ಮೂರೂ ಮೈಗೆ ಮೈ ತಾಗಿ ಕೂತಿರುವುದು ಎಲೆಕ್ಟ್ರಾನ್ ಚಿತ್ರಗಳಲ್ಲಿ ಕಾಣುತ್ತದೆ. ಅದಕ್ಕೆ ಕಾರಣವಿದೆ. ರುಬಿಸ್ಕೊ ಎಂಬ ಕಿಣ್ವ ಇಂಗಾಲದ ಡೈಆಕ್ಸೈಡ್ ಬದಲು ಆಗಾಗ ಆಮ್ಲಜನಕ ಹಿಡಿದುಬಿಡುತ್ತದೆ, ಅದರಿಂದ ಬೇಡದ ಒಂದು ವಸ್ತು ಬರುತ್ತದೆ. ಅದನ್ನು ಸರಿಪಡಿಸಲು ಒಂದೇ ಕಣದಂಗದಿಂದ ಆಗುವುದಿಲ್ಲ. ಆ ಬೇಡದ ವಸ್ತು ಗ್ಲೈಕೊಲೇಟ್ ಆಗಿ ಕ್ಲೋರೊಪ್ಲಾಸ್ಟಿನಿಂದ ಹೊರಟು, ಪೆರಾಕ್ಸಿಸೋಮಿನಲ್ಲಿ ಗ್ಲೈಸೀನ್ ಆಗಿ, ಮೈಟೊಕಾಂಡ್ರಿಯಾದಲ್ಲಿ ಎರಡು ಗ್ಲೈಸೀನ್ ಸೇರಿ ಒಂದು ಸೆರೀನ್ ಆಗಿ, ಮತ್ತೆ ಪೆರಾಕ್ಸಿಸೋಮು ಹೊಕ್ಕು, ಗ್ಲಿಸರೇಟ್ ಆಗಿ ಕ್ಲೋರೊಪ್ಲಾಸ್ಟಿಗೆ ವಾಪಸ್ ಬರುತ್ತದೆ. ಬೆಳಕು ಬಿದ್ದಾಗ ಪೆರಾಕ್ಸಿಸೋಮು ಚಪ್ಪಟೆಯಾಗಿ ಕ್ಲೋರೊಪ್ಲಾಸ್ಟಿಗೆ ಇನ್ನಷ್ಟು ಒತ್ತಿಕೊಳ್ಳುವುದನ್ನೂ ನೋಡಿದ್ದಾರೆ. ಅಂದ ಹಾಗೆ, ಗಿಡದ ಮೈಟೊಕಾಂಡ್ರಿಯಾ ಹೆಚ್ಚಾಗಿ ಸಣ್ಣ ಸಣ್ಣ ಬಿಡಿ ಕಣಗಳೇ. ಸಾಗುವುದೂ ಆಕ್ಟಿನ್ ಎಳೆಯ ಮೇಲೆ, ನಮ್ಮಂತೆ ಮೈಕ್ರೋಟ್ಯೂಬ್ಯೂಲ್ ಮೇಲೆ ಅಲ್ಲ. ಹಾಗಾಗಿ ಸಸ್ಯಕೋಶದ ಚಿತ್ರದಲ್ಲಿ ಕಾಳು ಬಿಡಿಸಿದರೆ ತಕರಾರೇ ಇಲ್ಲ.

ಆಕಾರದ ಮಾತು ಮೈಟೊಕಾಂಡ್ರಿಯಾಗೆ ಮಾತ್ರ ಅಲ್ಲ. ಇಆರ್‌ನ ಕೊಳವೆಗಳು ಕೊಳವೆಯಾಗಿ ಉಳಿಯುವುದು ರೆಟಿಕ್ಯುಲಾನ್ ಎಂಬ ಪ್ರೋಟೀನಿನಿಂದ. ಅದು ಪೊರೆಯ ಹೊರಪದರದಲ್ಲಿ ಬೆಣೆಯಾಗಿ ಹೊಕ್ಕು ಬಾಗಿಸುತ್ತದೆ. ಕೊಳವೆಗಳು ಮೂರು ದಾರಿ ಕೂಡುವ ಹಾಗೆ ಸೇರುವುದು ಅಟ್ಲಾಸ್ಟಿನ್‌ನಿಂದ. ಅಟ್ಲಾಸ್ಟಿನ್ ಕೆಟ್ಟರೆ ಕಾಲು ಸೆಟೆದುಕೊಳ್ಳುವ ಆನುವಂಶಿಕ ಕಾಯಿಲೆ. ಮೈಟೊಕಾಂಡ್ರಿಯಾದ ಒಳಗಿನ ಕ್ರಿಸ್ಟೆಯ ಅಂಚು ಬಾಗುವುದಕ್ಕೆ ಎಟಿಪಿ ಮಾಡುವ ಯಂತ್ರವೇ ಕಾರಣ, ಅವು ಜೋಡಿ ಜೋಡಿಯಾಗಿ ಸಾಲುಗಟ್ಟಿ ಪೊರೆಯನ್ನು ಬಗ್ಗಿಸುತ್ತವೆ. ಪಾಠದಲ್ಲಿ ಆ ಯಂತ್ರದ ಕೆಲಸ ಮಾತ್ರ ಹೇಳುತ್ತೇವೆ, ಅದು ಮನೆಯನ್ನೂ ಕಟ್ಟುತ್ತದೆ ಎಂದು ಹೇಳುವುದಿಲ್ಲ.

2017ರಲ್ಲಿ ಜೆನಿಫರ್ ಲಿಪಿನ್‌ಕಾಟ್-ಶ್ವಾರ್ಟ್ಸ್ ಅವರ ಗುಂಪು ಆರು ಕಣದಂಗಗಳಿಗೆ ಆರು ಬಣ್ಣ ಕೊಟ್ಟು ಒಂದೇ ಜೀವಂತ ಕೋಶದಲ್ಲಿ ಒಟ್ಟಿಗೆ ಚಿತ್ರ ತೆಗೆಯಿತು. ಇಆರ್, ಗಾಲ್ಜಿ, ಲೈಸೊಸೋಮು, ಪೆರಾಕ್ಸಿಸೋಮು, ಮೈಟೊಕಾಂಡ್ರಿಯಾ, ಕೊಬ್ಬಿನ ಹನಿ. ಕೋಶಗಳು ಮಂಗನ ಮೂತ್ರಪಿಂಡದಿಂದ ಬಂದವು. ಅದರಲ್ಲಿ ಕಂಡದ್ದು, ಯಾವುದೂ ಒಂಟಿಯಾಗಿಲ್ಲ, ಎಲ್ಲವೂ ತಾಗುತ್ತಾ ಬಿಡುತ್ತಾ ಇವೆ, ಹೆಚ್ಚುಕಡಿಮೆ ಎಲ್ಲರ ಜೊತೆಯೂ ಸಂಪರ್ಕ ಇರುವುದು ಇಆರ್‌ಗೆ. ನಿಮ್ಮ ವಿದ್ಯಾರ್ಥಿನಿ ಇದರ ವಿಡಿಯೊ ಹುಡುಕಲಿ, ಅವಳಿಗೆ ಇಷ್ಟವಾಗುತ್ತದೆ.

ಮಂಗ ಎಂದಾಗ ನಿಮ್ಮ ಪಕ್ಕದ ಸಿದ್ದಾಪುರದ ನೆನಪಾಗುತ್ತದೆ. ಅಲ್ಲಿ ಕಾಣುವ ಮಂಗನ ಕಾಯಿಲೆಯ ವೈರಸ್ ಫ್ಲೇವಿವೈರಸ್ ಗುಂಪಿನದು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಇದೇ ಗುಂಪಿನ ಡೆಂಗಿ ವೈರಸ್ ಕೋಶದೊಳಗೆ ಏನು ಮಾಡುತ್ತದೆ ಎಂದು ಚೆನ್ನಾಗಿ ನೋಡಿದ್ದಾರೆ. ಅದು ಇಆರ್ ಪೊರೆಯನ್ನು ಒಳಕ್ಕೆ ತಗ್ಗಿಸಿ ಸುಮಾರು 90 ನ್ಯಾನೋಮೀಟರ್ ಅಗಲದ ಗೂಡುಗಳನ್ನು ಮಾಡಿಕೊಂಡು, ಒಳಗೆ ಕೂತು ತನ್ನ ನಕಲು ತೆಗೆಯುತ್ತದೆ. ಮೈಟೊಕಾಂಡ್ರಿಯಾವನ್ನೂ ಬಿಡುವುದಿಲ್ಲ, ಉದ್ದ ಮಾಡಿಸುತ್ತದೆ, ಇಆರ್ ಜೊತೆಗಿನ ಅದರ ಸಂಪರ್ಕ ಕೆಡಿಸುತ್ತದೆ. 2016ರ ಶೋಧ ಇದು. ಪಾಠದಲ್ಲಿ ವೈರಸ್ ಬೇರೆ ಅಧ್ಯಾಯ, ಕಣದಂಗ ಬೇರೆ ಅಧ್ಯಾಯ. ವೈರಸ್ಸಿಗೆ ಆ ಭೇದ ಇಲ್ಲ.

ತರಗತಿಗೆ ಬೇಕಾದದ್ದು ಎರಡು ಮಾತು. ಪರೀಕ್ಷೆಗೆ ಪುಸ್ತಕದ ಚಿತ್ರವನ್ನೇ ಬಿಡಿಸಲಿ, ಮೌಲ್ಯಮಾಪಕರು ಬೇರೆ ಊರಿನವರು, ಅವರ ಜೊತೆ ವಾದ ಮಾಡಲು ಹುಡುಗಿ ಅಲ್ಲಿರುವುದಿಲ್ಲ. ಕೆಳಗೆ 'ಅಡ್ಡ ಕೊಯ್ತದಲ್ಲಿ ಕಂಡಂತೆ' ಎಂದು ಬರೆದರೆ ಸಾಕು.

ಇನ್ನು ಲ್ಯಾಬಿನಲ್ಲಿ ಕಣ್ಣಾರೆ ತೋರಿಸಬೇಕೆಂದರೆ ಜೇನಸ್ ಗ್ರೀನ್ ಬಿ ಎಂಬ ಬಣ್ಣ ತರಿಸಿ. 1900ರಷ್ಟು ಹಿಂದೆಯೇ ಮೈಕೇಲಿಸ್ ಎಂಬುವರು ಜೀವಂತ ಮೈಟೊಕಾಂಡ್ರಿಯಾಗೆ ಬಳಸಿದ್ದು ಇದನ್ನೇ. ತುಂಬಾ ತೆಳುವಾಗಿ, 0.01 ಶೇಕಡಾದ ಆಸುಪಾಸು, ಆವತ್ತೇ ಕಲಸಿಕೊಳ್ಳಿ. ಈರುಳ್ಳಿಯ ಒಳಸಿಪ್ಪೆಯ ಪದರ ಸುಲಿದು ಅದರಲ್ಲಿ ಕೆಲವು ನಿಮಿಷ ಬಿಡಿ. ಮೈಟೊಕಾಂಡ್ರಿಯಾದ ಕಿಣ್ವ ಬಣ್ಣವನ್ನು ನೀಲಿ-ಹಸಿರಾಗಿಯೇ ಇಟ್ಟುಕೊಳ್ಳುತ್ತದೆ, ಉಳಿದ ಕಡೆ ಬಣ್ಣ ಹೋಗುತ್ತದೆ. 400 ಪಟ್ಟಿನಲ್ಲಿ ಸಣ್ಣ ಚುಕ್ಕೆ, ಎಣ್ಣೆ ಹಾಕುವ 1000 ಪಟ್ಟಿನ ಮಸೂರ ಇದ್ದರೆ ಸಣ್ಣ ಕಡ್ಡಿಗಳೂ ಕಾಣಬಹುದು. ಬೇಗ ಬೇಗ ನೋಡಬೇಕು, ಕೋಶ ಸಾಯುತ್ತಿದ್ದ ಹಾಗೆ ಬಣ್ಣ ಕೆಡುತ್ತದೆ. ಬಣ್ಣ ಸಿಗದಿದ್ದರೆ ಕೆರೆಯಿಂದ ಹೈಡ್ರಿಲ್ಲಾ ತಂದು ಒಂದು ಎಲೆ ಇಟ್ಟರಾಯಿತು. ಅದರಲ್ಲಿ ಮೈಟೊಕಾಂಡ್ರಿಯಾ ಸಿಗುವುದು ಕಷ್ಟ, ಆದರೆ ಕ್ಲೋರೊಪ್ಲಾಸ್ಟುಗಳು ಕೋಶದ ಗೋಡೆಗುಂಟ ಸುತ್ತುತ್ತಿರುವುದು ಚೆನ್ನಾಗಿ ಕಾಣುತ್ತದೆ. ಮೊದಲು ಓಡಾಡದಿದ್ದರೆ ಸ್ವಲ್ಪ ಹೊತ್ತು ದೀಪದ ಬೆಳಕಿನಲ್ಲಿ ಬಿಡಿ, ಶುರುವಾಗುತ್ತದೆ.